ಲೆಫ್ಟ್ ಕಾರ್ನರ್ ಬದಲಾಯಿಸೋ ಮುಂಚೆ

ಮೊದಲೇ ಒಪ್ಪಿಕೊಂಡುಬಿಡ್ತೀವಿ. ಹೋದ ವರ್ಷದ ಇಂಟರ್-ಬ್ರಾಂಚ್ ಕಬಡ್ಡಿ ಸೆಮಿಫೈನಲ್‌ಗೆ ಮುಂಚೆ ನಮ್ಮ ಲೆಫ್ಟ್ ಕಾರ್ನರ್‌ನ ಬೆಂಚಿಗೆ ಕೂರಿಸಿದ್ದು ನಾವೇ. ಕೋಚ್ ಅಂತ ಯಾರೂ ಇರಲಿಲ್ಲ. ಹಾಸ್ಟೆಲ್ ರೂಮಲ್ಲಿ ಮ್ಯಾಗಿ ತಿನ್ನುತ್ತಾ ಕೂತಿದ್ದ ನಾಲ್ಕು ಜನ ನಾವೇ ಕೋಚು, ನಾವೇ ಸೆಲೆಕ್ಟರು. ರಾತ್ರಿ ಹನ್ನೊಂದೂವರೆಗೆ ವಾಟ್ಸ್ಯಾಪ್ ಗ್ರೂಪಿಗೆ ಲಿಸ್ಟ್ ಹಾಕಿದ್ವಿ. ಅದರಲ್ಲಿ ಅವನ ಹೆಸರಿರಲಿಲ್ಲ. ಅವನು ಅದಕ್ಕೊಂದು ಥಂಬ್ಸ್ ಅಪ್ ಒತ್ತಿ ಸುಮ್ಮನಾದ.

ಅವನನ್ನ ಹಾಸ್ಟೆಲ್‌ನಲ್ಲಿ ಎಲ್ಲರೂ ಕರೆಯೋದು ದಾಸನಕೊಪ್ಪ ಅಂತ. ಶಿರಸಿ ತಾಲೂಕಿನಲ್ಲಿ ಬನವಾಸಿ ಕಡೆಗಿರೋ ಊರು. ಫಸ್ಟ್ ಸೆಮ್‌ನಲ್ಲಿ ಯಾರೋ ತಮಾಷೆಗೆ ಊರ ಹೆಸರು ಹಿಡಿದು ಕರೆದದ್ದು, ಈಗ ಅದೇ ಪರ್ಮನೆಂಟ್.

ಕೂರಿಸಿದ್ದಕ್ಕೆ ನಮ್ಮ ಹತ್ತಿರ ಲೆಕ್ಕ ಇತ್ತು. ಎರಡು ಲೀಗ್ ಮ್ಯಾಚಲ್ಲಿ ಅವನ ಟ್ಯಾಕಲ್ ಒಂಬತ್ತು ಸಲ ಫೇಲ್. ರಫ್ ಬುಕ್ಕಿನ ಹಿಂದಿನ ಪೇಜಲ್ಲಿ ಗೀಟು ಹಾಕಿ ಎಣಿಸಿದ್ವಿ. ಇಂಜಿನಿಯರಿಂಗ್ ಹುಡುಗರಲ್ವಾ, ನಂಬರ್ ಕಂಡ್ರೆ ಧೈರ್ಯ ಬರುತ್ತೆ. ಆದರೆ ನಾವು ಎಣಿಸಿದ್ದು ಬರೀ ಫೇಲಾದದ್ದನ್ನ. ಕಾರ್ನರ್ ಸರಿಯಾದ ಜಾಗದಲ್ಲಿ ನಿಂತಿದ್ದಾನೆ ಅನ್ನೋ ಕಾರಣಕ್ಕೇ ರೈಡರ್ ಆ ಕಡೆ ಹೋಗದೆ ಖಾಲಿ ಕೈಲಿ ವಾಪಸ್ ಬರ್ತಾನಲ್ಲ, ಅದಕ್ಕೆ ನಮ್ಮ ಬುಕ್ಕಿನಲ್ಲಿ ಕಾಲಮ್ಮೇ ಇರಲಿಲ್ಲ. ಅದಕ್ಕೆ ಚಪ್ಪಾಳೆ ಹೊಡೆಯೋರೂ ಇರಲ್ಲ.

ಸೆಮಿಫೈನಲ್ ನಾವು ಎರಡು ಪಾಯಿಂಟಲ್ಲಿ ಗೆದ್ವಿ. ಹೊಸ ಕಾರ್ನರ್ ಚೆನ್ನಾಗೇ ಆಡಿದ. ಹಾಗಾಗಿ ನಮ್ಮ ಡಿಸಿಷನ್ ಸರಿ ಅಂತ ಫಿಕ್ಸ್ ಆಯ್ತು. (ಫೈನಲ್ ವಿಷಯ ಬಿಡಿ.)

ಆಮೇಲೆ ರಜೆಯಲ್ಲಿ ನಾವು ನಾಲ್ಕೂ ಜನ ಅವನ ಊರಿಗೇ ಹೋದ್ವಿ. ಅವನೇ ಕರೆದಿದ್ದ, ದೊಡ್ಡ ಮನಸ್ಸು. ಹತ್ತಿರದಲ್ಲೇ ಒಂದು ಹೊನಲು ಬೆಳಕಿನ ಕಬಡ್ಡಿ ಇತ್ತು. ಗದ್ದೆ ಕೊಯ್ಲಾದ ಬಯಲು, ನಾಲ್ಕು ಕಂಬಕ್ಕೆ ಕಟ್ಟಿದ ಲೈಟು, ಮೈಕ್ ಹಿಡಿದವನ ನಿಲ್ಲದ ಕಾಮೆಂಟರಿ. ಅಲ್ಲಿ ಅದೇ ಲೆಫ್ಟ್ ಕಾರ್ನರ್‌ನಲ್ಲಿ ಇವನು ನಿಂತ. ನಮಗೆ ಗೊತ್ತಿದ್ದ ಹುಡುಗನೇ ಅಲ್ಲ! ರೈಡರ್ ಬೋನಸ್‌ಗೆ ಕಾಲು ಚಾಚಿದ ತಕ್ಷಣ ಇವನು ಪಾದಕ್ಕೆ, ಪಕ್ಕದ ಇನ್ ಸೊಂಟಕ್ಕೆ. ಎರಡೂ ಒಟ್ಟಿಗೆ. ಇಬ್ಬರೂ ಹೈಸ್ಕೂಲಿನಿಂದ ಒಟ್ಟಿಗೆ ಆಡಿದವರು. ಒಬ್ಬರ ಮುಖ ಒಬ್ಬರು ನೋಡೋ ಅವಶ್ಯಕತೆಯೇ ಇರಲಿಲ್ಲ, ಹಿಡಿದ ಕೈಯನ್ನ ಒಂಚೂರು ಒತ್ತಿದ್ರೆ ಸಾಕು.

ನಮ್ಮ ಟೀಮಲ್ಲಿ? ಎರಡು ಮ್ಯಾಚಲ್ಲಿ ಅವನ ಪಕ್ಕದ ಇನ್‌ನ ಮೂರು ಸಲ ಬದಲಾಯಿಸಿದ್ವಿ. ಕಾರ್ನರ್ ಕಾಲು ಹಿಡಿದಾಗ ಇನ್ ಅರ್ಧ ಸೆಕೆಂಡ್ ಲೇಟ್ ಮಾಡಿದ್ರೆ ರೈಡರ್ ಎಳ್ಕೊಂಡು ಲೈನ್ ಮುಟ್ತಾನೆ. ಔಟ್ ಆಗಿ ಹೊರಗೆ ನಡೆಯೋನು ಕಾರ್ನರ್. ನಮ್ಮ ಬುಕ್ಕಲ್ಲಿ ಗೀಟು ಬೀಳೋದೂ ಅವನ ಹೆಸರಿಗೆ. ಆ ರಾತ್ರಿ ವಾಪಸ್ ನಡ್ಕೊಂಡು ಬರ್ತಾ ಅವನು ಅಂದ, "ಕೈ ಹಿಡಿಯೋನೇ ದಿನಾ ಬದಲಾದ್ರೆ ನಾ ಯಾವ ಕೈ ನಂಬ್ಲಿ ಮಾರಾಯ?" ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅಂದ್ವಿ. ನೀವು ಕೇಳಲಿಲ್ವಲ್ಲ ಅಂದ.

ಹಾಗಂತ ಯಾರನ್ನೂ ಕೂರಿಸಲೇಬಾರದು ಅಂತ ನಾವು ಹೇಳ್ತಿಲ್ಲ. ನಮ್ಮ ಕೆ.ಎಲ್. ರಾಹುಲ್ ಕೇಸೇ ತಗೊಳ್ಳಿ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನಾಗಪುರದಲ್ಲಿ 20, ದೆಹಲಿಯಲ್ಲಿ 17 ಮತ್ತು 1. ಓಪನರ್ ಕೆಲಸವೂ ಹೆಚ್ಚುಕಮ್ಮಿ ಕಾರ್ನರ್ ಥರಾನೇ: ಹೊಸ ಬಾಲಿನ ಏಟು ತಾನು ತಿಂದು ಹಿಂದಿನವರನ್ನ ಉಳಿಸಬೇಕು. ಕೋಚ್ ದ್ರಾವಿಡ್ ಬೆಂಬಲಕ್ಕೆ ನಿಂತಿದ್ರು, ವೆಂಕಟೇಶ್ ಪ್ರಸಾದ್ ಟ್ವಿಟರ್‌ನಲ್ಲಿ ಬಿಡದೆ ಟೀಕೆ ಮಾಡಿದ್ರು. ಮೂರು ಜನವೂ ಕರ್ನಾಟಕದವರೇ, ಒಂಥರಾ ಮನೆ ಜಗಳ. ಉಪನಾಯಕ ಪಟ್ಟ ಹೋಯ್ತು, ಇಂದೋರ್ ಟೆಸ್ಟಿನಲ್ಲಿ ಜಾಗವೂ ಹೋಯ್ತು. ಬದಲಿಗೆ ಬಂದ ಗಿಲ್ ಅಲ್ಲಿ 21 ಮತ್ತು 5, ಮುಂದಿನ ಅಹಮದಾಬಾದ್‌ನಲ್ಲಿ 128. ಅದೇ ಡಿಸೆಂಬರ್‌ನಲ್ಲಿ ಸೆಂಚುರಿಯನ್‌ನಲ್ಲಿ ರಾಹುಲ್ ಆರನೇ ನಂಬರಲ್ಲಿ ಇಳಿದು 101 ಹೊಡೆದ್ರು. 2025ರಲ್ಲಿ ಇಂಗ್ಲೆಂಡ್‌ನಲ್ಲಿ ಮತ್ತೆ ಓಪನರ್ ಆಗಿ 532 ರನ್. ಕೂರಿಸಿದ್ದು ತಪ್ಪಾಗಿತ್ತು ಅಂತ ನಾವು ಹೇಳೋಕಾಗಲ್ಲ. ಆದರೆ ಕೂರಿಸಿದ ಮೇಲೂ ಇವನು ಎಲ್ಲಿ ಸರಿಹೋಗ್ತಾನೆ ಅಂತ ಯಾರೋ ಯೋಚಿಸ್ತಾ ಇದ್ರಲ್ಲ, ನಮಗೆ ಬೇಕಿರೋದು ಅದು.

ಕರುಣ್ ನಾಯರ್‌ಗೆ ಆ ಅದೃಷ್ಟ ಇರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಅಜೇಯ 303, ಮುಂದಿನ ಟೆಸ್ಟಿಗೇ ಹೊರಗೆ. ಗಾಯದಿಂದ ವಾಪಸಾದ ರಹಾನೆಗೆ ಜಾಗ ಬೇಕಿತ್ತು. 2018ರಲ್ಲಿ ಟೀಮಿಂದ ಕೈಬಿಟ್ಟಾಗ ನನಗ್ಯಾರೂ ಏನೂ ಹೇಳಲಿಲ್ಲ ಅಂತ ಕರುಣ್, ನಾನೇ ಮಾತಾಡಿದ್ದೆ ಅಂತ ಆಯ್ಕೆ ಸಮಿತಿ ಮುಖ್ಯಸ್ಥರು. ಯಾರದ್ದು ನಿಜವೋ, ಮಾತು ತಲುಪಲಿಲ್ಲ ಅನ್ನೋದಂತೂ ಸ್ಪಷ್ಟ. ಟೆಸ್ಟಿಗೆ ವಾಪಸ್ ಬರೋಕೆ ಅವರಿಗೆ 2025 ಆಯ್ತು.

ಇನ್ನೊಂದು ಉದಾಹರಣೆ ನಮ್ಮಲ್ಲೊಬ್ಬನ ಯೂಟ್ಯೂಬ್ ಹುಚ್ಚಿನಿಂದ ಸಿಕ್ಕಿದ್ದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಾಯೋಕೆ ಐದು ದಢೂತಿ ಆಳುಗಳು ಗೋಡೆ ಥರ ನಿಲ್ತಾರೆ, ಆಫೆನ್ಸಿವ್ ಲೈನ್ ಅಂತ. ಬಾಲು ಹಿಡಿದು ಓಡೋದು ಅವರ ಕೆಲಸವೇ ಅಲ್ಲ. ಎದುರಾಳಿ ನುಗ್ಗಿ ಬಂದಾಗ ಮಾತ್ರ ಟಿವಿಯಲ್ಲಿ ಅವರ ಹೆಸರು ಕೇಳೋದು. ಮೆಕಾಯ್ ಬೆಕ್ಟನ್ ಅಂತ ಒಬ್ಬ, 2020ರಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಮೊದಲ ರೌಂಡಲ್ಲೇ ಆಯ್ಕೆಯಾದವನು. ಮೊಣಕಾಲಿನ ಗಾಯ, ಸೋಲು, ಎಲ್ಲರ ಬೈಗುಳ. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಅವನನ್ನ ಅಂಚಿನಿಂದ ಒಂದು ಜಾಗ ಒಳಗೆ ಸರಿಸಿ ಗಾರ್ಡ್ ಮಾಡ್ತು. ಆ ಸೀಸನ್ ಸೂಪರ್ ಬೌಲ್ ಗೆದ್ದದ್ದು ಈಗಲ್ಸ್. ಒಂದು ಜಾಗ ಸರಿಸಿದ್ದು, ಅಷ್ಟೇ! ನಮಗೆ ಈ ಯೋಚನೆ ಆ ರಾತ್ರಿ ಹೊಳೀಲೇ ಇಲ್ಲ.

ಈ ವರ್ಷದ ಟೀಮ್‌ಗಳು ಮುಂದಿನ ವಾರ ಫೈನಲ್ ಆಗುತ್ವೆ. ಎಲ್ಲಾ ಬ್ರಾಂಚಿನ ಕ್ಯಾಪ್ಟನ್‌ಗಳಿಗೂ ನಮ್ಮದೊಂದು ರಿಕ್ವೆಸ್ಟ್: ಯಾರನ್ನಾದರೂ ಕೂರಿಸೋದಾದ್ರೆ ಕೂರಿಸಿ, ಆದರೆ ಅದಕ್ಕೆ ಮುಂಚೆ ಅವನ ಪಕ್ಕ ಯಾರು ನಿಂತಿದ್ರು ಅಂತ ಒಂದ್ಸಲ ನೋಡಿ. ಮತ್ತೆ ದಯವಿಟ್ಟು ರಾತ್ರಿ ಹನ್ನೊಂದೂವರೆಗೆ ಫೋನಲ್ಲಿ ಹೇಳಬೇಡಿ.

ನಾವಂತೂ ಮೊನ್ನೆ ದಾಸನಕೊಪ್ಪನ ರೂಮಿಗೇ ಹೋಗಿ ಕೇಳಿದ್ವಿ, ಈ ಸಲ ಆಡ್ತೀಯಾ ಅಂತ. ಬಟ್ಟೆ ಮಡಚ್ತಾ ಇದ್ದವನು ತಲೆ ಎತ್ತದೇನೇ, "ಇನ್ ಯಾರು?" ಅಂದ.

ನಾವಿನ್ನೂ ಉತ್ತರ ಕೊಟ್ಟಿಲ್ಲ.