ಅರ್ಕಾವತ್ತು ಮತ್ತು ಎಐ

‘ಸೂರ್ಯ’ ಎಂದು ಬರೆದು ನೋಡಿ. ನಾಲಿಗೆಗೆ ಮೊದಲು ಬರುವ ‘ರ್’ ಕಾಗದದಲ್ಲಿ ‘ಯ’ ಆದಮೇಲೆ ಬರುತ್ತದೆ. ಕಂಡಂತೆ ಓದುವ ಮಗು ‘ಸೂಯ್ರ’ ಎನ್ನುತ್ತದೆ. ಆಂಧ್ರದ ಅನಕಾಪಲ್ಲಿಯಲ್ಲಿ ತೆಲುಗು ಕಲಿಯುವ ಮಗುವಿಗೆ ಈ ತೊಡಕಿಲ್ಲ. ಅಲ್ಲೀಗ ರಕಾರ ಬರೆದು ಕೆಳಗೆ ಯಕಾರದ ಒತ್ತು ಕೊಡುತ್ತಾರೆ. (ನಮ್ಮಲ್ಲೂ ಕೆಲವರು ಹಾಗೆ ಬರೆಯುವುದುಂಟು.) ಒಂದೇ ಬೇರಿನ ಎರಡು ಲಿಪಿಗಳಲ್ಲೇ ಇಷ್ಟು ಅಂತರ. ಹಾಗಿರುವಾಗ ಇಂಗ್ಲಿಷಿನ ‘ಬಿ’–‘ಡಿ’ ಅದಲುಬದಲನ್ನು ನೋಡಿ ಕಲಿತ ಎಐ, ಡಿಸ್ಲೆಕ್ಸಿಯಾ ಇರುವ ನಮ್ಮ ಮಗುವಿನ ತಪ್ಪನ್ನು ಹೇಗೆ ಗುರುತಿಸೀತು?

ಪಾಠ ಓದಿ ಹೇಳಲು ಎಐ ಇರಲಿ. ಅನುವಾದ ತಿದ್ದುವಾಗ ನಾನೂ ಕೇಳಿಸಿಕೊಳ್ಳುತ್ತೇನೆ. ಆದರೆ ಮಗುವಿಗೆ ಹಣೆಪಟ್ಟಿ ಹಚ್ಚುವ ಕೆಲಸ ಅದಕ್ಕೆ ಬೇಡ. ಅದಕ್ಕೆ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೇ ಇದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ‘ಸೂಯ್ರ’ಗಳನ್ನು ಯಾರಾದರೂ ಮೊದಲು ಕೂಡಿಡಬೇಕು.