ಗಾಳದ ಹುರಿಯನ್ನು ಮನೆಯಲ್ಲಿಯೇ ಹೊಸೆಯುವದು

ಹಾನಗಲ್ಲಿನ ಆನೆಕೆರೆಯ ದಂಡೆಯಲ್ಲಾಗಲಿ, ಸವಣೂರ ಸೀಮೆಯ ವರದೆಯ ತೀರದಲ್ಲಾಗಲಿ ಗಾಳ ಹಾಕಿ ಕೂಡ್ರುವವರಿಗೆ ಅಂಗಡಿಯ ನೈಲಾನ್ ದಾರವು ಸುಲಭ, ಗಟ್ಟಿಯಾದದ್ದೂ ನಿಜ. ಆದರೆ ತುಂಡಾಗಿ ಬಿದ್ದದ್ದು ವರ್ಷಾನುಗಟ್ಟಲೆ ಕೊಳೆಯದು. ಕೊಕ್ಕರೆಯ ಕಾಲಿಗೆ ಸುತ್ತಿದರೆ ಅದರ ಪ್ರಾಣಕ್ಕೇ ಕುತ್ತು. ಅರಳೆಯ ಸೀಮೆಯವರಾದ ನಾವು ನೂಲಿನ ಹುರಿಯನ್ನೇಕೆ ಹೊಸೆಯಬಾರದು?

ಮೊಳಕ್ಕೊಂದರಂತೆ ನಾಲ್ಕು ಗೂಟ ನೆಟ್ಟು, ಮೊದಲ ಮೊಳಕ್ಕೆ ಆರು ಎಳೆ, ನಡುವಣದಕ್ಕೆ ನಾಲ್ಕು, ಕಡೆಯದಕ್ಕೆ ಎರಡು ಸುತ್ತಬೇಕು. ಒಂದರ ಕುಣಿಕೆಯೊಳಗಿಂದ ಇನ್ನೊಂದರ ನೂಲು ಹಾಯಲಿ. ನಡುವೆ ಗಂಟು ಬೇಡ, ಗಂಟಿಗೆ ಪಾಚಿ ಸಿಕ್ಕುವದು. ಇಂಥವೇ ಎರಡು ಸರಗಳಾಗಲಿ. ತೆಳು ತುದಿಗಳೆರಡನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ, ದಪ್ಪ ತುದಿಗಳನ್ನು ಬೇರೆಬೇರೆಯಾಗಿ ಬಲಕ್ಕೆ, ಹತ್ತರಲ್ಲೊಂದು ಪಾಲು ಗಿಡ್ಡಾಗುವವರೆಗೆ ಹೊಸೆಯಬೇಕು. ಕೈ ಸಡಿಲಿಸಿದರೆ ಕೆಟ್ಟಿತು! ಬಳಿಕ ಎರಡನ್ನೂ ಕೂಡಿಸಿ ಎಡಕ್ಕೆ ತಿರುವಿದರೆ, ಬಿಚ್ಚಿಕೊಳ್ಳಲೆಳಸುವ ಒಂದರ ಬಲವೇ ಇನ್ನೊಂದನ್ನು ಬಿಗಿಯುವದು. ಎತ್ತಿನ ಹಗ್ಗ ಹೊಸೆದವರಿಗೆ ಇದನ್ನು ಹೇಳಬೇಕಾಗಿಲ್ಲ.

ಬುಡ ದಪ್ಪ, ತುದಿ ತೆಳುವಾದ್ದರಿಂದ ಬೀಸಿದ ಕೈಯ ಬಲವು ಬಾರುಕೋಲಿನಲ್ಲಿಯಂತೆ ತುದಿಯವರೆಗೂ ಹರಿಯುತ್ತದೆ. ಗಾಳವು ಸದ್ದಿಲ್ಲದೆ ನೀರಿಗಿಳಿಯುತ್ತದೆ. ಪುಕ್ಕದ ನೊಣವನ್ನು ಗಾಳಕ್ಕೆ ಕಟ್ಟಿ ಬೀಸುವ ಆಂಗ್ಲರೂ, ಐಸಾಕ್ ವಾಲ್ಟನ್ನನ ಗ್ರಂಥ ಹೊರಬಿದ್ದ 1653ರ ಕಾಲಕ್ಕೆ ಕುದುರೆಯ ಬಾಲದ ಕೂದಲನ್ನು ಹುರಿಗೊಳಿಸುತ್ತಿದ್ದರು.

ಗಾಳವನ್ನು ನೇರವಾಗಿ ಹುರಿಗೆ ಕಟ್ಟದೆ, ಅದಕ್ಕಿಂತ ನಿರ್ಬಲವಾದ ಗೇಣುದ್ದದ ಒಂಟಿ ನೂಲಿಗೆ ಕಟ್ಟುವದು ಲೇಸು. ದೊಡ್ಡ ಮೀನು ಜಗ್ಗಿದರೆ ಗಾಳವಷ್ಟೇ ಹೋಗಿ ಹುರಿಯುಳಿಯುವದು. ಜೇನುಮೇಣ ತಿಕ್ಕಿದರೆ ನೀರು ಬೇಗ ಹೀರದು. ಮನೆಗೆ ಬಂದೊಡನೆ ನೆರಳಿನಲ್ಲಿ ಹರವಿರಿ. ಹಸಿಯಾಗಿ ಸುತ್ತಿಟ್ಟ ನೂಲು ಪೆಟ್ಟಿಗೆಯಲ್ಲಿಯೇ ಕೊಳೆಯುವದು.