ಹೋಗಿ ಬಂದವರ ಬಾಕಿ ಕೆಲಸ

ಮಕ್ಕಳೇ, ಫೆಬ್ರವರಿಯಲ್ಲಿ ನಾನು ಕೆನ್ಯಾ ದೇಶಕ್ಕೆ ಹೋಗಿದ್ದು ನಿಮಗೆ ಗೊತ್ತು. ಬಂದು ನಾಲ್ಕು ವಾರವಾಯಿತು. “ಅಜ್ಜಿ, ಪ್ರವಾಸದ ಕತೆ ಯಾವಾಗ ಬರೆಯುತ್ತೀರಿ?” ಎಂದು ನಿಮ್ಮಲ್ಲಿ ಹಲವರು ಕಾರ್ಡು ಹಾಕಿದ್ದೀರಿ. ಈ ವಾರ ಬರೆಯುತ್ತೇನೆ. ಯಾಕೆಂದರೆ ಡಾಕ್ಟರ ಲೆಕ್ಕದಲ್ಲಿ ನನ್ನ ಪ್ರವಾಸ ಮುಗಿದದ್ದು ಮೊನ್ನೆ ಮಂಗಳವಾರ!

ಅದು ಹೇಗೆ ಅಂತೀರಾ? ಮಲೇರಿಯಾ ಹೆಚ್ಚಾಗಿರುವ ಊರಿಗೆ ಹೋಗುವವರು ಅದು ಬಾರದಂತೆ ಮಾತ್ರೆ ನುಂಗಬೇಕು. ಹೊರಡುವ ಮೊದಲೇ ಶುರು ಮಾಡಬೇಕು, ಅಲ್ಲಿದ್ದಷ್ಟು ದಿನ ನುಂಗಬೇಕು, ಮನೆಗೆ ಬಂದ ಮೇಲೂ ನಿಲ್ಲಿಸಬಾರದು. ನನಗೆ ಬರೆದುಕೊಟ್ಟ ಮಾತ್ರೆಗೆ ಆ ‘ಬಂದ ಮೇಲೆ’ ಎಂಬುದು ನಾಲ್ಕು ವಾರ. ಕಚ್ಚಿದ ಸೊಳ್ಳೆ ಅಲ್ಲೇ ಉಳಿದರೂ ರೋಗಾಣು ನಮ್ಮ ಮೈಯೊಳಗೆ ಸುಮ್ಮನೆ ಕೂತು ಬರಬಹುದು. ಅದಕ್ಕೇ ದೂರದ ಊರಿನಿಂದ ಬಂದವರಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದೆವು ಎಂಬುದನ್ನು ಡಾಕ್ಟರಿಗೆ ಮೊದಲು ಹೇಳಬೇಕು.

ಹಾಗಾಗಿ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಇಳಿಸಿದ ಕೂಡಲೇ ಪ್ರವಾಸ ಮುಗಿಯುವುದಿಲ್ಲ. ಮಾತ್ರೆಯಷ್ಟೇ ಅಲ್ಲ, ಬೇರೆ ಕೆಲಸಗಳೂ ಬಾಕಿ ಇರುತ್ತವೆ. ಇವತ್ತು ಆ ಬಾಕಿ ಕೆಲಸಗಳ ಮಾತು.

ಮೊದಲು ಹೋದ ಊರಿನ ವಿಷಯ. ಸಿಂಹ ನೋಡಿದಿರಾ ಎಂದು ಕೇಳಬೇಡಿ, ನೋಡಲಿಲ್ಲ. ನಮ್ಮ ಚರ್ಚಿನಿಂದ ಹನ್ನೊಂದು ಮಂದಿ ಸೇವಾ ಪ್ರವಾಸಕ್ಕೆ ಹೋಗಿದ್ದೆವು. ಕೆನ್ಯಾದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ದಡದಲ್ಲಿ ಕಿಸುಮು ಎಂಬ ಪೇಟೆ ಇದೆ. ಸರೋವರ ಎಂದರೆ ನಮ್ಮ ಊರಿನ ಕೆರೆಯ ಹಾಗಲ್ಲ. ಅದರ ವಿಸ್ತಾರ ಸುಮಾರು 68,800 ಚದರ ಕಿಲೋಮೀಟರ್. ಇಡೀ ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗಿಂತಲೂ ದೊಡ್ಡದು! ಕಿಸುಮುವಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಹಳ್ಳಿಯೊಂದರಲ್ಲಿ ಅಲ್ಲಿನ ಚರ್ಚಿನವರು ಶಾಲೆ ನಡೆಸುತ್ತಾರೆ. ಆ ಶಾಲೆಗೆ ಮಳೆನೀರಿನ ಟ್ಯಾಂಕ್ ಕಟ್ಟುವುದಕ್ಕೂ ಪುಸ್ತಕದ ಕೋಣೆ ಜೋಡಿಸುವುದಕ್ಕೂ ನಮ್ಮನ್ನು ಕರೆದಿದ್ದರು.

ಸ್ವಾಹಿಲಿ ಭಾಷೆಯಲ್ಲಿ ಒಂದು ಗಾದೆ ಉಂಟು: ‘ಮ್ಗೆನಿ ಸಿಕು ಮ್ಬಿಲಿ, ಸಿಕು ಯಾ ತಾತು ಮ್ಪೆ ಜೆಂಬೆ.’ ನೆಂಟನಿಗೆ ಎರಡು ದಿನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು ಎಂದರ್ಥ. ನಮಗೂ ಹಾಗೇ ಆಯಿತು. ಎರಡು ದಿನ ಕುರ್ಚಿ ಹಾಕಿ ಕೂರಿಸಿದರು, ಚಹಾ ಕೊಟ್ಟರು. ಮೂರನೆಯ ದಿನ ಬೆಳಿಗ್ಗೆ ನನ್ನ ಮುಂದೆ 20 ಲೀಟರಿನ ಹಳದಿ ಕ್ಯಾನ್ ಬಂತು. ಬಾವಿಯಿಂದ ನೀರು ತರಬೇಕು. ನನಗೆ ಅದು ಮೊಣಕಾಲಿನ ತನಕವೂ ಏಳಲಿಲ್ಲ. ಆಗ ಒಬ್ಬ ತಾಯಿ ನಗುತ್ತಾ ತನ್ನ ಪುಟ್ಟ ಮಗನ ಕೈಯಲ್ಲಿದ್ದ 5 ಲೀಟರಿನ ಕ್ಯಾನ್ ಕಿತ್ತು ನನಗೆ ಕೊಟ್ಟಳು. ಮೂರು ವಾರವೂ ನನ್ನದು ಅದೇ ಕ್ಯಾನ್. ಟ್ಯಾಂಕ್ ಕಟ್ಟಿದವರು ಆ ಹಳ್ಳಿಯ ಗಾರೆ ಕೆಲಸದವರೇ. ನಮ್ಮವರು ಸಿಮೆಂಟು ಕಲಸಿಕೊಟ್ಟರು, ಜಲ್ಲಿ ಹೊತ್ತುಕೊಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಮಾತು ಕಲಿಯುವುದು ನನಗೆ ಬಹಳ ಖುಷಿ ಕೊಟ್ಟಿತು. ಅಲ್ಲಿ ‘ದಾದಾ’ ಎಂದರೆ ಅಕ್ಕ! ‘ಮಾಮಾ’ ಎಂದರೆ ಅಮ್ಮ. ‘ನ್ಯಾನ್ಯಾ’ ಎಂದರೆ ಅಜ್ಜಿ, ಟೊಮೆಟೊ ಹಣ್ಣಿಗೂ ಅದೇ ಹೆಸರು. ಬೆಳಿಗ್ಗೆ ಏಳು ಗಂಟೆಗೆ ಅವರು ‘ಒಂದು ಗಂಟೆ’ ಎನ್ನುತ್ತಾರೆ. ಸೂರ್ಯ ಹುಟ್ಟಿದ ಮೇಲಿನ ಮೊದಲ ಗಂಟೆ ತಾನೇ? ಭೂಮಧ್ಯರೇಖೆಯ ಪಕ್ಕದ ಊರಾದ್ದರಿಂದ ಅಲ್ಲಿ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ಆ ಲೆಕ್ಕ ಸರಿಯಾಗಿಯೇ ಕೂರುತ್ತದೆ. ಇನ್ನು ಕೆಲವು ಪದಗಳಿಗೆ ಅರ್ಥ ಕೇಳಬೇಕಾಗಿಯೇ ಬರಲಿಲ್ಲ. ಗಾಡಿಗೆ ‘ಗಾರಿ’, ಅಂಗಡಿಗೆ ‘ದುಕಾ’, ಚಪಾತಿಗೆ ‘ಚಪಾತಿ’, ಲಕ್ಷಕ್ಕೆ ‘ಲಾಕಿ’. ನಮ್ಮ ದೇಶದಿಂದ ಸಮುದ್ರ ದಾಟಿ ಹೋಗಿ ಅಲ್ಲೇ ಮನೆ ಮಾಡಿದ ಮಾತುಗಳು ಇವು.

ಹೊರಡುವ ದಿನ ಎಲ್ಲರಿಗೂ ಕೈಮುಗಿದು, ಬಾಯಿಗೆ ಬಂದಂತೆ ಕನ್ನಡದಲ್ಲೇ “ಹೋಗಿ ಬರ್ತೇನೆ” ಎಂದೆ. ಐದನೆಯ ತರಗತಿಯ ಒಬ್ಬಳು ಹುಡುಗಿ ಇಂಗ್ಲಿಷಿನಲ್ಲಿ ಅದರ ಅರ್ಥ ಕೇಳಿದಳು. ನಮ್ಮಲ್ಲಿ ಬರೀ ‘ಹೋಗುತ್ತೇನೆ’ ಎನ್ನುವುದು ಒಳ್ಳೆಯದಲ್ಲ, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ವಿವರಿಸಿದೆ. ಅವಳು ನೆಟ್ಟಗೆ ನೋಡಿ ಕೇಳಿದಳು: “ಯಾವ ತಿಂಗಳು?”

ಇಲ್ಲಿಗೆ ಬಂದವರೆಲ್ಲ ಹೀಗೇ ಹೇಳುತ್ತಾರೆ ಎಂದೂ ಸೇರಿಸಿದಳು. ಮಗುವಿಗೆ ಸುಳ್ಳು ಹೇಳಬಾರದು. “ನನಗೆ ಅರವತ್ತೆಂಟು ವರ್ಷ ಮಗಳೇ, ಮತ್ತೆ ಬರುವುದು ನನ್ನ ಕೈಯಲ್ಲಿಲ್ಲ. ಆದರೆ ನನ್ನ ಕಾಗದ ಬರುತ್ತದೆ” ಎಂದೆ. ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ನಿಮ್ಮೂರಲ್ಲಿ ನಮ್ಮ ಬಗ್ಗೆ ಏನು ಹೇಳಿದಿರಿ ಅಂತ ಅದರಲ್ಲಿ ಬರೆಯಿರಿ” ಎಂದಳು.

ನೈರೋಬಿಯಿಂದ ಮುಂಬಯಿ, ಅಲ್ಲಿಂದ ಮಂಗಳೂರು. ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ತಿರುಗಿಸಿದೆ. ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡು ತೋರಿಸಿ ಹೊರಗೆ ಬಂದೆ. ಆ ಹುಡುಗಿಯ ಮಾತು ಮಾತ್ರ ನನ್ನ ಜೊತೆಗೇ ಬಂತು.

ಮನೆಗೆ ಬಂದವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. “ತುಂಬಾ ಬಡವರಂತೆ ಅಲ್ವಾ, ಪಾಪ?” ಮತ್ತು “ಏನೆಲ್ಲ ಕೊಟ್ಟು ಬಂದಿರಿ?” ಕೇಳಿದವರು ಒಳ್ಳೆಯವರೇ. ಆದರೆ ‘ಹೌದು, ಪಾಪ’ ಎಂದರೆ ಆ ಹುಡುಗಿಗೆ ನಾನು ಏನೆಂದು ಬರೆಯಲಿ? ಹಾಗಾಗಿ ಗಾದೆಯ ಕತೆ ಹೇಳಿದೆ, 5 ಲೀಟರಿನ ಕ್ಯಾನಿನ ಕತೆ ಹೇಳಿದೆ. ಸರೋವರದ ದಡದಲ್ಲಿ ‘ಒಮೆನಾ’ ಎಂಬ ಸಣ್ಣ ಮೀನನ್ನು ನಮ್ಮ ಕಡಲತಡಿಯವರ ಹಾಗೇ ಬಿಸಿಲಿಗೆ ಹರವಿ ಒಣಗಿಸುತ್ತಾರೆ ಎಂದೆ. ಒಣಮೀನಿನ ಮಾತು ಬಂದದ್ದೇ ತಡ, ನೆರೆಮನೆಯವರು ‘ಪಾಪ’ ಮರೆತು, “ಅವರು ಅದಕ್ಕೆ ಹುಳಿ ಏನು ಹಾಕ್ತಾರೆ?” ಎಂದು ಕೇಳಿದರು!

ಕಷ್ಟದ ಪ್ರಶ್ನೆ ಬಂದದ್ದು ಚರ್ಚಿನಲ್ಲಿ. ಎರಡನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರವಾಸದ ವರದಿ ಒಪ್ಪಿಸಬೇಕಿತ್ತು. ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಕುಳಿತು ಫೋಟೋ ಆರಿಸುತ್ತಿದ್ದೆವು. ಅದರಲ್ಲಿ ಒಂದು ಫೋಟೋ ಇತ್ತು. ಅಂಗಿ ಹರಿದ, ಮುಖವೆಲ್ಲ ಮಣ್ಣಾದ ಹುಡುಗನೊಬ್ಬ ನೆಲದ ಮೇಲೆ ಒಬ್ಬನೇ ಕೂತಿದ್ದಾನೆ, ಕಣ್ಣಲ್ಲಿ ನೀರು. ಸಭೆಯ ಹಿರಿಯರೊಬ್ಬರು, “ಟೀಚರ್, ಇದನ್ನೇ ಮೊದಲು ತೋರಿಸಿ. ಇದನ್ನು ನೋಡಿದರೆ ಜನ ಕೊಡ್ತಾರೆ, ಇನ್ನೊಂದು ಟ್ಯಾಂಕಿನ ಖರ್ಚು ಹುಟ್ಟುತ್ತದೆ” ಎಂದರು.

ಅವರ ಮಾತು ಸುಳ್ಳಲ್ಲ. ಶಾಲೆಗೆ ಇನ್ನೊಂದು ಟ್ಯಾಂಕ್ ಬೇಕೇ ಬೇಕು. ಆದರೆ ಆ ಹುಡುಗ ನನಗೆ ಗೊತ್ತಿದ್ದವನು. ಅವನು ಶಾಲಾ ತಂಡದ ಗೋಲ್‌ಕೀಪರ್. ಚೆಂಡಿಗೆ ಹಾರಿ ಬಿದ್ದು ಅಂಗಿ ಹರಿದುಕೊಂಡಿದ್ದ. ಐದು ನಿಮಿಷ ಕಳೆದು ಎದ್ದು ಹೋಗಿ ಇನ್ನೊಂದು ಗೋಲು ತಡೆದಿದ್ದ. ಅದರ ಫೋಟೋ ಯಾರೂ ತೆಗೆದಿರಲಿಲ್ಲ. ಅಲ್ಲೇ ಕೂತಿದ್ದ ನನ್ನ ಮೊಮ್ಮಗ, “ಅಜ್ಜಿ, ನಾನು ಅತ್ತಾಗಿನ ಫೋಟೋ ಅವರ ಶಾಲೆಯಲ್ಲಿ ತೋರಿಸ್ತಾರಾ?” ಎಂದು ಕೇಳಿದ. ಹಿರಿಯರೂ ಸುಮ್ಮನಾದರು, ನಾನೂ ಸುಮ್ಮನಾದೆ.

ಇಲ್ಲಿ ನಮ್ಮ ಊರಿನದೇ ಒಂದು ಹಳೆಯ ವಿಷಯ ಹೇಳಬೇಕು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರೂ ತಮ್ಮ ಊರಿಗೆ ವರದಿ ಕಳಿಸುತ್ತಿದ್ದರು. ಕ್ಯಾಮರಾ ಬಂದ ಮೇಲೆ ಫೋಟೋಗಳನ್ನೂ ಕಳಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಗ್ರಹದಲ್ಲಿ ಅವು ಈಗಲೂ ಇವೆ. ಎಷ್ಟೋ ಫೋಟೋಗಳಲ್ಲಿ ನಿಂತವರ ಹೆಸರೇ ಇಲ್ಲ. ಅವರು ನಮ್ಮ ಅಜ್ಜನ ಅಜ್ಜ, ಅಜ್ಜಿಯ ಅಜ್ಜಿ ಇರಬಹುದು. ಅವರನ್ನು ನೋಡಿ ಅಲ್ಲಿನ ಯಾವುದೋ ಅಜ್ಜಿ ‘ಪಾಪ’ ಎಂದಿರಲೂಬಹುದು.

ಅದೇ ಮಿಶನ್ನಿನಿಂದ 1853ರಲ್ಲಿ ಬಂದವರು ಫರ್ಡಿನಾಂಡ್ ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಜರ್ಮನಿಗೆ ಮರಳಿ ಟ್ಯೂಬಿಂಗನ್ ಎಂಬ ಊರಿನಲ್ಲಿ ನೆಲೆಸಿದ ಮೇಲೂ ಅವರು ಕನ್ನಡದ ಕೆಲಸ ಬಿಡಲಿಲ್ಲ. ಅವರ ಕನ್ನಡ ವ್ಯಾಕರಣ ಅಚ್ಚಾದದ್ದು 1903ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು. ನೋಡಿ, ಊರಿಗೆ ಹೋದವರು ‘ಅಲ್ಲಿನ ಜನ ಹೀಗೆ ಪಾಪ’ ಎಂದೂ ಹೇಳಬಹುದು, ‘ಅಲ್ಲಿನ ಜನರ ಮಾತು ಇಷ್ಟು ದೊಡ್ಡದು’ ಎಂದು ಬರೆದೂ ತೋರಿಸಬಹುದು.

ಮರುದಿನ ನಾನು ಆ ಫೋಟೋ ತೋರಿಸಲಿಲ್ಲ. ಗಾರೆ ಕೆಲಸದವರ ಹೆಸರು ಒಂದೊಂದಾಗಿ ಓದಿದೆ. ಆಮೇಲೆ ಕಪ್ಪು ಹಲಗೆಯ ಮೇಲೆ ಟ್ಯಾಂಕಿನ ಲೆಕ್ಕ ಬರೆದೆ. ನೀವೂ ಪೆನ್ಸಿಲ್ ಹಿಡಿಯಿರಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಆ ಶಾಲೆಯ ತಗಡಿನ ಮಾಡು 100 ಚದರ ಮೀಟರ್. ಒಂದು ಸಂಜೆ 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಅಂದರೆ 20 ಲೀಟರಿನ ನೂರು ಕ್ಯಾನ್. ಅಷ್ಟು ಸಲ ಮಕ್ಕಳು ಬಾವಿಗೆ ನಡೆಯುವುದು ತಪ್ಪಿತು.

ಹಣ ಎಷ್ಟು ಬಂತು? ಇನ್ನೊಂದು ಮಾಡಿನ ದಂಬೆ, ಪೈಪುಗಳಿಗೆ ಆಗುವಷ್ಟು ಬಂತು. ಟ್ಯಾಂಕಿಗೆ ಸಾಲಲಿಲ್ಲ. ಹಿರಿಯರು ನನ್ನ ಮುಖ ನೋಡಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅಳುವ ಫೋಟೋ ಹಾಕಿದ್ದರೆ ಹೆಚ್ಚು ಬರುತ್ತಿತ್ತೋ ಏನೋ. ಆದರೆ ಆ ರಾತ್ರಿ ಹುಡುಗಿಗೆ ಕಾಗದ ಬರೆಯಲು ಕೂತಾಗ ಒಂದು ಸಾಲನ್ನೂ ಮುಚ್ಚಿಡಬೇಕಾಗಲಿಲ್ಲ. ಏನೇನು ಹೇಳಿದೆನೋ ಎಲ್ಲ ಬರೆದೆ. ಹಣ ಸಾಲದಿದ್ದುದನ್ನೂ ಬರೆದೆ.

ಕಾಗದವನ್ನು ಅಂಚೆಗೆ ಹಾಕಿದೆ. ಅದು ತಲುಪುವ ತನಕ ಕಾಯಲಾರದೆ ಮೊಮ್ಮಗ ಅದರ ಫೋಟೋ ತೆಗೆದು ಅಲ್ಲಿನ ಮುಖ್ಯೋಪಾಧ್ಯಾಯಿನಿಯ ಫೋನಿಗೆ ಕಳಿಸಿದ. ಹತ್ತು ದಿನದಲ್ಲಿ ಇಡೀ ಐದನೆಯ ತರಗತಿಯ ಉತ್ತರ ಬಂತು. ಅಲ್ಲಿ ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆಗಾಲ. ಮಳೆ ಶುರುವಾಗಿದೆಯಂತೆ, ಟ್ಯಾಂಕಿನ ಮುಕ್ಕಾಲು ನೀರು ತುಂಬಿದೆಯಂತೆ. ಕೊನೆಗೆ ಆ ಹುಡುಗಿಯ ಪ್ರಶ್ನೆ: “ನಿಮ್ಮೂರಲ್ಲಿ ಎಷ್ಟು ಮಳೆ ಬರುತ್ತದೆ? ನಿಮ್ಮ ಚರ್ಚಿನ ಟ್ಯಾಂಕ್ ಎಷ್ಟು ದೊಡ್ಡದು?”

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಕಿಸುಮುವಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಚರ್ಚಿಗೆ ಮಳೆನೀರಿನ ಟ್ಯಾಂಕೇ ಇಲ್ಲ! ಈ ಏಪ್ರಿಲಿನಲ್ಲಿ ನಳ್ಳಿ ಸೊರಗಿದೆ, ವಾರಕ್ಕೆ ಎರಡು ಸಲ ಟ್ಯಾಂಕರ್ ಲಾರಿಗೆ ಕಾಯುತ್ತಿದ್ದೇವೆ.

ಕಳೆದ ಭಾನುವಾರ ಮಧ್ಯಾಹ್ನ ಚರ್ಚಿನ ಸಭಾಂಗಣದ ಸುತ್ತ ಟೇಪು ಹಿಡಿದು ಅಳೆದೆವು. ಒಂದು ತುದಿ ಮೊಮ್ಮಗನ ಕೈಯಲ್ಲಿ, ಇನ್ನೊಂದು ತುದಿ ಅದೇ ಹಿರಿಯರ ಕೈಯಲ್ಲಿ. ಮಾಡು 200 ಚದರ ಮೀಟರ್. 3,500 ಮಿಲಿಮೀಟರ್ ಎಂದೇ ಹಿಡಿದರೂ ವರ್ಷಕ್ಕೆ 7 ಲಕ್ಷ ಲೀಟರ್! ಸ್ವಲ್ಪ ಚೆಲ್ಲಿತು, ಸ್ವಲ್ಪ ಆರಿತು ಎಂದುಕೊಂಡರೂ ಉಳಿದದ್ದು ಸಣ್ಣದಲ್ಲ. ಅಷ್ಟನ್ನೂ ಚರಂಡಿಗೆ ಬಿಟ್ಟು ನಾವು ಲಾರಿಗೆ ಕಾಯುತ್ತೇವೆ. ಹಿರಿಯರು ಲೆಕ್ಕದ ಚೀಟಿ ಜೇಬಿಗಿಟ್ಟುಕೊಂಡು, “ಮಳೆಗಾಲಕ್ಕೆ ಮೊದಲು ಕಮಿಟಿಯಲ್ಲಿ ಇದನ್ನು ಇಡ್ತೇನೆ” ಎಂದರು.

ಮಕ್ಕಳೇ, ಈಗ ನಿಮಗೆ ರಜೆ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಾಡಿಗೆ ಹತ್ತಬೇಡಿ, ಕೆಳಗೆ ನೆಲದಲ್ಲೇ ಮನೆಯ ಉದ್ದ ಅಗಲ ಅಳೆಯಿರಿ. ನಿಮ್ಮ ಊರಿನ ಮಳೆ ಎಷ್ಟು ಎಂದು ಶಾಲೆಯ ಟೀಚರರನ್ನೋ ಮಾಸ್ತರರನ್ನೋ ಕೇಳಿ. ಗುಣಿಸಿ, ನನಗೆ ಒಂದು ಕಾರ್ಡು ಹಾಕಿ. ಎಲ್ಲವನ್ನೂ ಸೇರಿಸಿ ಮುಂದಿನ ಕಾಗದದಲ್ಲಿ ಆ ಹುಡುಗಿಗೆ ಕಳಿಸುತ್ತೇನೆ. ಲೆಕ್ಕ ಲಕ್ಷ ದಾಟಿದರೆ ಲಕ್ಷ ಎಂದೇ ಬರೆಯಿರಿ. ಅವಳಿಗೆ ಅರ್ಥವಾಗುತ್ತದೆ.